ಸುಳ್ಳು ಹೆಸರು ಕೊಟ್ಟ ಹುಡುಗ: ಯೂತ್ ಕೋರ್ಟಿನ ಜ್ಯೂರಿ ಮುಂದೆ ಒಂದು ಪ್ರಕರಣ

ಜ್ಯೂರಿಯ ಕೈಗೆ ಬಂದ ಹಾಳೆಯಲ್ಲಿ ಇದ್ದದ್ದು ಇಷ್ಟು. ಹುಡುಗನಿಗೆ 15 ವರ್ಷ. ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಸ್ಮಿತ್–ನೈಂತ್ ಸ್ಟ್ರೀಟ್ಸ್ ಸಬ್‌ವೇ ಸ್ಟೇಷನ್ನಿನ ಗೇಟನ್ನು ದುಡ್ಡು ಕೊಡದೆ ಹಾರಿದ. ಪೊಲೀಸ್ ಹಿಡಿದು ಹೆಸರು ಕೇಳಿದಾಗ ಬೇರೆ ಹೆಸರು ಹೇಳಿದ. ಸ್ವಲ್ಪ ಹೊತ್ತಿಗೆ ನಿಜ ಗೊತ್ತಾಯಿತು. ಹಿಂದೆ ಯಾವ ಕೇಸೂ ಇಲ್ಲ. ತಪ್ಪು ಒಪ್ಪಿಕೊಂಡಿದ್ದಾನೆ. ಯೂತ್ ಕೋರ್ಟಿಗೆ, ಅಂದರೆ ಹದಿಹರೆಯದವರೇ ಕೂತು ನಡೆಸುವ ಕೋರ್ಟಿಗೆ, ಬರುತ್ತೇವೆ ಅಂತ ಅವನೂ ಅವನ ತಾಯಿಯೂ ಸಹಿ ಹಾಕಿದ್ದಾರೆ.

ಆಗ ಸಬ್‌ವೇ ಚಾರ್ಜು ಒಂದು ಸಲಕ್ಕೆ 2.75 ಡಾಲರ್. ಅಷ್ಟು ದುಡ್ಡಿಗೆ ಜಡ್ಜ್, ಜ್ಯೂರಿ, ಎರಡೂ ಕಡೆಗೆ ವಾದ ಮಾಡುವವರು ಅಂತ ಒಂದು ಕೋರ್ಟೇ ಕೂರಬೇಕಾ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೂ ಆ ಪ್ರಶ್ನೆ ಇದೆ. ಅದಕ್ಕೆ ಬರುವ ಮುಂಚೆ ಒಂದು ವಿಷಯ ಹೇಳಿಬಿಡಬೇಕು. ಯೂತ್ ಕೋರ್ಟಿನಲ್ಲಿ ಕೂರುವವರು ಒಳಗೆ ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ ಅಂತ ಪ್ರಮಾಣ ಮಾಡಿರುತ್ತಾರೆ. ಹಾಗಾಗಿ ಈ ಹುಡುಗ ಯಾವ ನಿಜವಾದ ಹುಡುಗನೂ ಅಲ್ಲ. ಜಾಗ, ಕೋರ್ಟು, ರೈಲಿನ ಕಾರ್ಡು, ವರ್ಷ, ಅಂಕಿಗಳು ನಿಜ. ಹುಡುಗನನ್ನು, ಅವನ ಮನೆಯನ್ನು, ಜ್ಯೂರಿಯ ಮಾತನ್ನು ಇಂಥ ಕೋರ್ಟುಗಳಿಗೆ ಬರುವ ಪ್ರಕರಣಗಳ ಹದ ನೋಡಿಕೊಂಡು ನಾನು ಕಟ್ಟಿದ್ದೇನೆ. ಹೊಸ ಜ್ಯೂರರ್‌ಗಳ ತರಬೇತಿಯಲ್ಲೂ ಹೀಗೆ ಕಟ್ಟಿದ ಪ್ರಕರಣಗಳನ್ನೇ ಕೊಟ್ಟು ಅಭ್ಯಾಸ ಮಾಡಿಸುತ್ತಾರೆ.

ಜಾಗ

ಈ ಕೋರ್ಟು ಇರುವುದು ರೆಡ್ ಹುಕ್‌ನಲ್ಲಿ. ಅದು ಬ್ರೂಕ್ಲಿನ್‌ನ ಅಂಚಿನಲ್ಲಿರುವ ಹಳೆಯ ಬಂದರು ಬಡಾವಣೆ. ಒಂದು ಕಡೆ ಹೈವೇ, ಉಳಿದ ಕಡೆ ನೀರು. ಒಳಗೆ ಸಬ್‌ವೇ ಸ್ಟೇಷನ್ ಇಲ್ಲ. ಹತ್ತಿರದ್ದು ಅಂದರೆ ಈ ಸ್ಮಿತ್–ನೈಂತ್. ಗೋವಾನಸ್ ಕಾಲುವೆಯ ಮೇಲೆ ಸುಮಾರು 87 ಅಡಿ ಎತ್ತರದಲ್ಲಿದೆ, ಇಡೀ ನ್ಯೂಯಾರ್ಕ್ ಸಬ್‌ವೇಯಲ್ಲೇ ಎಲ್ಲಕ್ಕಿಂತ ಎತ್ತರದ ಸ್ಟೇಷನ್. ಇಲ್ಲಿ ಎಫ್ ಟ್ರೈನ್ ಹತ್ತಿದರೆ ಸೀದಾ ಕೋನಿ ಐಲೆಂಡ್‌ನ ಸಮುದ್ರ ತೀರಕ್ಕೆ ಹೋಗಬಹುದು. ಬೇಸಿಗೆಯಲ್ಲಿ ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಸೆ ಬೇರೆ ಇರುವುದಿಲ್ಲ.

ಬಡಾವಣೆಯ ಬಹಳಷ್ಟು ಜನ ರೆಡ್ ಹುಕ್ ಹೌಸಸ್ ಅನ್ನುವ ಸರ್ಕಾರಿ ವಸತಿ ಕಟ್ಟಡಗಳಲ್ಲಿ ಇದ್ದಾರೆ. 1992ರ ಡಿಸೆಂಬರಿನಲ್ಲಿ ಪ್ಯಾಟ್ರಿಕ್ ಡೇಲಿ ಅನ್ನುವ ಹೆಡ್‌ಮಾಸ್ಟರು, ಶಾಲೆಯಿಂದ ಹೊರಟು ಹೋಗಿದ್ದ ಒಬ್ಬ ಹುಡುಗನನ್ನು ಹುಡುಕಿಕೊಂಡು ಈ ಕಟ್ಟಡಗಳ ಕಡೆ ಬಂದರು. ಡ್ರಗ್ಸ್ ಮಾರುವವರ ನಡುವೆ ಗುಂಡು ಹಾರುತ್ತಿತ್ತು. ಅದರಲ್ಲಿ ಒಂದು ತಗುಲಿ ತೀರಿಕೊಂಡರು. ಆ ಸಾವು ಊರನ್ನು ಅಲ್ಲಾಡಿಸಿತು. ಎಲ್ಲೋ ದೂರದ ಕೋರ್ಟಿಗೆ ಅಲೆಯುವ ಬದಲು ನ್ಯಾಯ ಇಲ್ಲೇ ಸಿಗಬೇಕು ಅನ್ನುವ ಮಾತು ಶುರುವಾಯಿತು. 2000ದಲ್ಲಿ ಒಂದು ಹಳೆಯ ಕ್ಯಾಥೊಲಿಕ್ ಶಾಲೆಯ ಕಟ್ಟಡದಲ್ಲಿ ರೆಡ್ ಹುಕ್ ಕಮ್ಯೂನಿಟಿ ಜಸ್ಟಿಸ್ ಸೆಂಟರ್ ತೆರೆಯಿತು. ಯೂತ್ ಕೋರ್ಟು ಅದಕ್ಕೂ ಮುಂಚೆ, 1998ರಲ್ಲೇ ಶುರುವಾಗಿತ್ತು.

ಹದಿಹರೆಯದವರ ಕೋರ್ಟು ಅನ್ನುವ ಯೋಚನೆ ಅಮೆರಿಕಕ್ಕೆ ಆಗ ಹೊಸದೇನಲ್ಲ. 1983ರಲ್ಲಿ ಟೆಕ್ಸಾಸ್‌ನ ಒಡೆಸ್ಸಾದಲ್ಲಿ ಶುರುವಾದ ಟೀನ್ ಕೋರ್ಟನ್ನು ನೋಡಿ ಎಷ್ಟೋ ಊರುಗಳು ತಮ್ಮದೂ ಒಂದನ್ನು ಕಟ್ಟಿಕೊಂಡವು. ಆಮೇಲಿನ 25–30 ವರ್ಷಗಳಲ್ಲಿ ಸಂಖ್ಯೆ ಸಾವಿರ ದಾಟಿತು. ಎಲ್ಲ ಕಡೆ ಒಂದೇ ರೀತಿ ಇಲ್ಲ. ಕೆಲವು ಕಡೆ ಜಡ್ಜ್ ಕುರ್ಚಿಯಲ್ಲಿ ದೊಡ್ಡವರು ಕೂರುತ್ತಾರೆ. ರೆಡ್ ಹುಕ್‌ನಲ್ಲಿ ಜಡ್ಜ್ ಕೂಡ ಹದಿಹರೆಯದವರೇ. ಹುಡುಗನ ಪರ ಮಾತಾಡುವವರು, ಊರಿನ ಪರ ಮಾತಾಡುವವರು, ಕೋರ್ಟಿನ ಶಿಸ್ತು ನೋಡಿಕೊಳ್ಳುವವರು, ಜ್ಯೂರಿ, ಎಲ್ಲರೂ ಅವರೇ. ಈ ತಿಂಗಳು ಜಡ್ಜ್ ಆಗಿದ್ದವರು ಮುಂದಿನ ತಿಂಗಳು ಜ್ಯೂರಿಯಲ್ಲಿ ಇರಬಹುದು.

ಜ್ಯೂರರ್ ಮಾಡಬೇಕಾದ್ದು ಏನು

ಜ್ಯೂರಿ ಅಂದ ಕೂಡಲೇ ನಮಗೆ ಅಪರಾಧಿಯೋ ನಿರಪರಾಧಿಯೋ ಅಂತ ತೀರ್ಮಾನಿಸುವವರು ನೆನಪಾಗುತ್ತಾರೆ. ನಮ್ಮ ದೇಶದಲ್ಲಿ ಆ ಪದ್ಧತಿ ಹೋಗಿ ಎಷ್ಟೋ ಕಾಲ ಆಯಿತು. 1959ರ ನಾನಾವತಿ ಕೊಲೆ ಪ್ರಕರಣದಲ್ಲಿ ಜ್ಯೂರಿ 8–1ರಲ್ಲಿ ತಪ್ಪಿಲ್ಲ ಅಂದದ್ದು, ಬಾಂಬೆ ಹೈಕೋರ್ಟು ಅದನ್ನು ತಳ್ಳಿಹಾಕಿದ್ದು ಹಳಬರಿಗೆ ಗೊತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಉಳಿಯಲಿಲ್ಲ.

ಯೂತ್ ಕೋರ್ಟಿನ ಜ್ಯೂರಿಯ ಕೆಲಸ ಬೇರೆ. ತಪ್ಪು ಒಪ್ಪಿಕೊಂಡವರು ಮಾತ್ರ ಅಲ್ಲಿಗೆ ಬರುತ್ತಾರೆ. ಮಾಡಿದನಾ ಇಲ್ಲವಾ ಅನ್ನುವ ಪ್ರಶ್ನೆ ಬಾಗಿಲಲ್ಲೇ ಮುಗಿದಿರುತ್ತದೆ. ಈಗ ಏನು ಮಾಡಿದರೆ ಸರಿ ಹೋಗುತ್ತದೆ ಅನ್ನುವುದಷ್ಟೇ ಉಳಿದದ್ದು. ಇದು ಸುಲಭ ಅಂತ ಅನ್ನಿಸಬಹುದು. ನನ್ನ ಪ್ರಕಾರ ಇದೇ ಜಾಸ್ತಿ ಕಷ್ಟ. ಹೌದು ಅಥವಾ ಇಲ್ಲ ಅಂದು ಎದ್ದು ಹೋಗುವ ಹಾಗಿಲ್ಲ. ಎದುರಿಗೆ ಕೂತ ಹುಡುಗನ ಬದುಕಿಗೆ ಹೊಂದುವಂಥ ಒಂದು ಕೆಲಸವನ್ನು ಯೋಚಿಸಿ ತೆಗೆಯಬೇಕು. ಅದಕ್ಕೆ ಅವನ ಬಗ್ಗೆ ಗೊತ್ತಿರಬೇಕು. ಗೊತ್ತಾಗಬೇಕಾದರೆ ಕೇಳಬೇಕು. ಅಂದರೆ ಇಲ್ಲಿ ಜ್ಯೂರರ್ ಮಾಡುವ ದೊಡ್ಡ ಕೆಲಸ ಪ್ರಶ್ನೆ ಕೇಳುವುದು. ಶಿಕ್ಷೆ ಆ ಉತ್ತರಗಳಿಂದ ಹುಟ್ಟಬೇಕು. ಈ ಪ್ರಕರಣವನ್ನು ನಾನು ಇಷ್ಟು ಉದ್ದಕ್ಕೆ ಬರೆಯುತ್ತಿರುವುದು ಅದಕ್ಕಾಗಿಯೇ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅಮೆರಿಕದಲ್ಲಿ ದೊಡ್ಡವರ ಕೋರ್ಟಿನ ಜ್ಯೂರಿಗೆ ಕರೆ ಬರಬೇಕಾದರೆ 18 ತುಂಬಿರಬೇಕು. ಇನ್ನು ಬಾಲಾಪರಾಧದ ಕೋರ್ಟಿನಲ್ಲಿ ಮಗುವಿಗೆ ಜ್ಯೂರಿ ಬೇಕು ಅಂತ ಕೇಳುವ ಸಾಂವಿಧಾನಿಕ ಹಕ್ಕಿಲ್ಲ ಅಂತ 1971ರಲ್ಲಿ ಮೆಕೀವರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಅಂದರೆ 15 ವರ್ಷದ ಹುಡುಗ ಜ್ಯೂರಿಯಲ್ಲಿ ಕೂರುವ ಹಾಗೂ ಇಲ್ಲ, ತನಗೆ ಜ್ಯೂರಿ ಬೇಕು ಅಂತ ಕೇಳುವ ಸಾಂವಿಧಾನಿಕ ಹಕ್ಕೂ ಇಲ್ಲ. ಇವೆರಡೂ ಒಟ್ಟಿಗೆ ಆಗುವುದು ಇಂಥ ಕೋರ್ಟಿನಲ್ಲಿ.

ವಿಚಾರಣೆ

ಏಳು ಜನ ಜ್ಯೂರರ್‌ಗಳು ಬಂದಿದ್ದರು. ಹುಡುಗ ಒಳಗೆ ಬಂದ ಕೂಡಲೇ ಒಬ್ಬಳು ಕೈ ಎತ್ತಿದಳು. ಅವನು ತನ್ನ ಶಾಲೆಯವನು, ಗುರುತಿದೆ ಅಂದಳು. ಅವಳನ್ನು ಹೊರಗೆ ಕಳಿಸಿದರು. ಸಣ್ಣ ಬಡಾವಣೆಯಲ್ಲಿ ಇದು ಆಗಾಗ ಆಗುವಂಥದ್ದೇ. ಆದರೂ ತಾನಾಗಿಯೇ ಹೇಳಿ ಎದ್ದು ಹೋಗುವುದಕ್ಕೆ ಮನಸ್ಸು ಗಟ್ಟಿ ಇರಬೇಕು. ಒಳಗೆ ಏನು ನಡೆಯುತ್ತದೆ ಅನ್ನುವ ಕುತೂಹಲ ಆ ವಯಸ್ಸಿನಲ್ಲಿ ಯಾರಿಗೆ ಇರುವುದಿಲ್ಲ, ಅಲ್ವಾ?

ಉಳಿದ ಆರು ಜನ ಪ್ರಮಾಣ ಮಾಡಿದರು. ಊರಿನ ಪರ ಮಾತಾಡಿದವಳು ಎರಡೇ ವಿಷಯ ಹೇಳಿದಳು. ದುಡ್ಡು ಕೊಟ್ಟು ಓಡಾಡುವವರ ಮೇಲೆ ಇದು ಹೊರೆ. ಎರಡನೆಯದು, ಸುಳ್ಳು ಹೆಸರು. ಹುಡುಗನ ಪರ ಇದ್ದವನು, ಇವನ ಹೆಸರಿನಲ್ಲಿ ಹಿಂದೆ ಏನೂ ಇಲ್ಲ, ಶಾಲೆಯ ಹಾಜರಿ ಚೆನ್ನಾಗಿದೆ, ಕ್ಷಮೆ ಕೇಳಲು ತಯಾರಿದ್ದಾನೆ ಅಂದ. ತಾಯಿ ಪಕ್ಕದಲ್ಲಿ ಕೂತಿದ್ದರು. ಆಮೇಲೆ ಜ್ಯೂರಿಯ ಸರದಿ.

ಮೊದಲ ಪ್ರಶ್ನೆ ಮೂಲೆಯಲ್ಲಿದ್ದ ಹುಡುಗನದು.

"ನಿನಗೆ ಬೇಜಾರಾಗಿದೆಯಾ?"

"ಆಗಿದೆ."

"ಇನ್ನೊಂದ್ಸಲ ಹೀಗೆ ಮಾಡ್ತೀಯಾ?"

"ಇಲ್ಲ."

ಇಂಥ ಪ್ರಶ್ನೆಗಳಿಗೆ ಒಂದೇ ಉತ್ತರ. ಎದುರಿಗಿರುವವನು ಏನು ಹೇಳಬೇಕು ಅನ್ನುವುದು ಪ್ರಶ್ನೆಯಲ್ಲೇ ಇದೆ. ಹೊಸ ಜ್ಯೂರರ್‌ಗಳೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ಮನೆಯಲ್ಲಿ, ಶಾಲೆಯಲ್ಲಿ ತಮ್ಮನ್ನು ಯಾವಾಗಲೂ ಕೇಳಿರುವ ಪ್ರಶ್ನೆಗಳು ಇವೇ ತಾನೇ. ತರಬೇತಿಯಲ್ಲಿ ಬಿಡಿಸಬೇಕಾದ ಮೊದಲ ಅಭ್ಯಾಸ ಇದು.

ಎತ್ತರದ ಹುಡುಗನೊಬ್ಬ ಬೇರೆ ದಾರಿ ಹಿಡಿದ.

"ಜೇಬಲ್ಲಿ ದುಡ್ಡು ಇತ್ತಾ?"

"ಇತ್ತು. 20 ಡಾಲರ್."

ಕೋಣೆಯಲ್ಲಿ ಸ್ವಲ್ಪ ಗುಸುಗುಸು ಆಯಿತು. ಅಷ್ಟು ಇಟ್ಟುಕೊಂಡು ಯಾಕೆ ಹಾರಿದೆ ಅಂತ ಕೇಳಿದಾಗ ಹುಡುಗ ಲೆಕ್ಕ ಕೊಟ್ಟ. ಕೋನಿ ಐಲೆಂಡ್‌ಗೆ ಹೊರಟಿದ್ದರು. ಇಬ್ಬರು. ಹೋಗಿ ಬರುವುದಕ್ಕೆ 11 ಡಾಲರ್ ಚಾರ್ಜು. ಉಳಿಯುವುದು 9. ಅಷ್ಟರಲ್ಲಿ ತಿನ್ನಬೇಕು, ಒಂದು ರೈಡಾದರೂ ಹತ್ತಬೇಕು. ಹಾರಿದರೆ ಹೋಗುವಾಗಿನ ಐದೂವರೆ ಉಳಿಯುತ್ತದೆ.

"ಸ್ಕೂಲಿನ ಮೆಟ್ರೊಕಾರ್ಡ್ ಇಲ್ವಾ?"

"ಇದೆ. ಶನಿವಾರ ನಡೆಯಲ್ಲ."

ಆರೂ ಜನರಿಗೆ ಇದು ಗೊತ್ತು. ಅವರ ಜೇಬಿನಲ್ಲೂ ಅದೇ ಕಾರ್ಡು. ಆಗ ಅದು ನಡೆಯುತ್ತಿದ್ದದ್ದು ಶಾಲೆ ಇರುವ ದಿನ ಮಾತ್ರ, ಬೆಳಗ್ಗೆ 5.30ರಿಂದ ರಾತ್ರಿ 8.30ರ ತನಕ, ದಿನಕ್ಕೆ 3 ಸಲ. ಶನಿವಾರ, ಭಾನುವಾರ, ರಜೆಯಲ್ಲಿ ಅದು ಬರೀ ಪ್ಲಾಸ್ಟಿಕ್ ತುಂಡು. ದೊಡ್ಡವರ ಜ್ಯೂರಿ ಆಗಿದ್ದರೆ ಇದನ್ನು ಬಿಡಿಸಿ ಹೇಳಬೇಕಾಗುತ್ತಿತ್ತು. ಇಲ್ಲಿ ಯಾರಿಗೂ ಹೇಳಬೇಕಾಗಲಿಲ್ಲ.

ಒಬ್ಬಳು ಆ ಸುಳ್ಳು ಹೆಸರು ಯಾರದು ಅಂತ ಕೇಳಿದಳು. ಬೇರೆ ಊರಲ್ಲಿರುವ ಕಸಿನ್‌ದು, ಬಾಯಿಗೆ ಬಂತು, ಹೇಳಿದೆ ಅಂದ. ಅಲ್ಲಿಗೆ ಅದು ನಿಂತಿತು. ಒಳ್ಳೆಯ ಪ್ರಶ್ನೆಯೇ, ಆದರೆ ಎಲ್ಲಿಗೂ ಹೋಗಲಿಲ್ಲ. ಹೀಗೂ ಆಗುತ್ತದೆ.

ಕೊನೆಯ ಕುರ್ಚಿಯಲ್ಲಿ ಕೂತಿದ್ದವಳು ಅಲ್ಲಿಯ ತನಕ ಏನೂ ಮಾತಾಡಿರಲಿಲ್ಲ. ಜ್ಯೂರಿಗೆ ಹೊಸಬಳು. ಅವಳ ಕಿವಿಗೆ ಬಿದ್ದದ್ದು "ಇಬ್ಬರು" ಅನ್ನುವ ಒಂದು ಮಾತು.

"ಜೊತೆಗೆ ಯಾರಿದ್ರು?"

"ತಮ್ಮ."

"ಎಷ್ಟು ವರ್ಷ?"

"ಒಂಬತ್ತು."

"ನೀನು ಹಾರಿದಾಗ ಅವನು ಎಲ್ಲಿದ್ದ?"

"ಹಿಂದೆ. ಗೇಟಿನ ಆಚೆ."

"ಮತ್ತೆ ಅವನು ಹೇಗೆ ಒಳಗೆ ಬಂದ?"

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಅವಳೂ ಸುಮ್ಮನಿದ್ದಳು. ಮಧ್ಯೆ ಬಾಯಿ ಹಾಕಿ ಸಹಾಯ ಮಾಡಲು ಹೋಗಲಿಲ್ಲ. ಇದನ್ನು ಕಲಿಸುವುದು ಕಷ್ಟ, ಇವಳಿಗೆ ತಾನಾಗೇ ಬಂದಿತ್ತು.

"ಕೆಳಗಿಂದ ನುಸುಳು ಅಂದೆ. ಅವನು ಬರಲಿಲ್ಲ. ಅಲ್ಲಿ ಪೊಲೀಸ್ ಇದ್ದಾರೆ ಅಂದ. ಏನೂ ಆಗಲ್ಲ ಬಾರೋ ಅಂದೆ. ಬಂದ."

"ನಿನ್ನ ನಿಜವಾದ ಹೆಸರು ಪೊಲೀಸರಿಗೆ ಹೇಗೆ ಗೊತ್ತಾಯ್ತು?"

"ತಮ್ಮ ಹೇಳಿದ."

"ಆಮೇಲೆ?"

"ಅವನಿಗೆ ಬೈದೆ. ಪೊಲೀಸ್ ಎದುರಿಗೇ. ಚಾಡಿಕೋರ ಅಂದೆ."

"ಈಗ ಹೇಗಿದ್ದೀರಿ, ನೀನು ಅವನು?"

"ಜಾಸ್ತಿ ಮಾತಾಡಲ್ಲ. ಶನಿವಾರ ಅಮ್ಮ ಕೆಲಸಕ್ಕೆ ಹೋಗ್ತಾರೆ. ಮೊದಲು ನಾನೇ ಅವನನ್ನು ನೋಡ್ಕೋತಿದ್ದೆ. ಈಗ ಅಮ್ಮ ಪಕ್ಕದ ಮನೆಯವರ ಹತ್ತಿರ ಬಿಡ್ತಾರೆ. ದುಡ್ಡು ಕೊಟ್ಟು."

ಆ ದಿನ ತಾಯಿ ಕೆಲಸ ಅರ್ಧಕ್ಕೆ ಬಿಟ್ಟು ಓಡಿ ಬಂದಿದ್ದು, ಅರ್ಧ ದಿನದ ಸಂಬಳ ಹೋಗಿದ್ದು ಇದಾದ ಮೇಲೆ ಇನ್ನೊಬ್ಬನ ಪ್ರಶ್ನೆಗೆ ಹೊರಬಂತು. ಹಾಳೆಯಲ್ಲಿ ತಮ್ಮನ ಹೆಸರಿರಲಿ, ಅವನೊಬ್ಬ ಇದ್ದ ಅನ್ನುವುದೂ ಇರಲಿಲ್ಲ. ಪೊಲೀಸರಿಗೆ ಅದು ಬೇಕಿರಲಿಲ್ಲ. ಎರಡೂ ಕಡೆ ವಾದ ಮಾಡಿದವರಿಗೂ ಗೊತ್ತಿರಲಿಲ್ಲ. ಪ್ರಕರಣದ ನಡುಮಧ್ಯೆ ಇದ್ದ 9 ವರ್ಷದ ಹುಡುಗನನ್ನು ಹೊರಗೆ ತಂದದ್ದು "ಜೊತೆಗೆ ಯಾರಿದ್ರು" ಅನ್ನುವ ಎರಡು ಪದ.

ಬಾಗಿಲು ಮುಚ್ಚಿದ ಮೇಲೆ

ಜ್ಯೂರಿ ಬೇರೆ ಕೋಣೆಗೆ ಹೋಯಿತು. ಕೈ ಎತ್ತಿಸಿ ಎಣಿಸಿ ಮುಗಿಸುವ ಹಾಗಿರಲಿಲ್ಲ. ಆರೂ ಜನ ಒಪ್ಪಬೇಕು.

ಶುರುವಾದದ್ದು ಗಂಟೆಗಳಿಂದ. ಸಮುದಾಯ ಸೇವೆ 30 ಗಂಟೆ ಅಂದ ಎತ್ತರದ ಹುಡುಗ. 25 ಅಂದ ಇನ್ನೊಬ್ಬ. ದೊಡ್ಡ ಪ್ರಬಂಧ ಬರೆಸೋಣ ಅಂದಳು ಮತ್ತೊಬ್ಬಳು. ಮಕ್ಕಳು ಮಕ್ಕಳನ್ನು ಸುಲಭವಾಗಿ ಬಿಟ್ಟುಬಿಡುತ್ತಾರೆ ಅಂತ ದೊಡ್ಡವರು ಅಂದುಕೊಳ್ಳುತ್ತಾರೆ. ಆಗುವುದು ಬಹಳ ಸಲ ಉಲ್ಟಾ. ಹದಿಹರೆಯದವರಿಗೆ ನ್ಯಾಯದ ಬಗ್ಗೆ ಬಿಗಿ ಜಾಸ್ತಿ, ಗಂಟೆಯ ಅಂದಾಜು ಕಡಿಮೆ. 30 ಗಂಟೆ ಅಂದರೆ ಶಾಲೆ ಮುಗಿಸಿ ದಿನಾ ಎರಡು ಗಂಟೆಯಂತೆ ಮೂರು ವಾರ. ಬಾಯಲ್ಲಿ ಹೇಳುವಾಗ ಅದು ಬರೀ ಒಂದು ಸಂಖ್ಯೆ.

ಜ್ಯೂರಿಯ ಮುಖ್ಯಸ್ಥೆ 17 ವರ್ಷದವಳು, ಅನುಭವ ಇದ್ದವಳು. ಅವಳು ಪ್ರತಿ ಸಲಹೆಗೂ ಒಂದೇ ಮಾತು ಕೇಳಿದಳು. "ಇದು ಅವನ ಯಾವ ಉತ್ತರಕ್ಕೆ?"

ಪ್ರಬಂಧ ಯಾವ ಉತ್ತರಕ್ಕೆ? ಯಾವುದಕ್ಕೂ ಅಲ್ಲ. ಅದು ಬಿದ್ದುಹೋಯಿತು. ಬರೆಯುವುದನ್ನು ಶಿಕ್ಷೆ ಮಾಡಿದರೆ ಬರೆಯುವುದರ ಮೇಲೆ ಸಿಟ್ಟು ಬರುತ್ತದೆ ಅಷ್ಟೇ. 30 ಗಂಟೆ ಯಾವ ಉತ್ತರಕ್ಕೆ? ಎತ್ತರದ ಹುಡುಗ ತಡವರಿಸಿದ. ಸುಳ್ಳು ಹೆಸರಿಗೆ ಅಂದ. ಗಂಟೆ ಮಾಡಿದರೆ ಸುಳ್ಳು ಹೆಸರು ಹೇಗೆ ಸರಿಹೋಗುತ್ತದೆ ಅಂತ ಅವಳು ಕೇಳಿದಾಗ ಅವನ ಹತ್ತಿರ ಉತ್ತರ ಇರಲಿಲ್ಲ. ಆದರೆ ಅವನು ಬಿಟ್ಟುಕೊಡಲೂ ಇಲ್ಲ. ನಮ್ಮ ಬಡಾವಣೆಯ ಹುಡುಗ ಪೊಲೀಸರಿಗೆ ಸುಳ್ಳು ಹೆಸರು ಕೊಟ್ಟರೆ ವಿಷಯ ಎಲ್ಲಿಗೆ ಬೇಕಾದರೂ ಹೋಗಬಹುದು, ಇವನಿಗೆ ಅದು ಗೊತ್ತಾಗಿಲ್ಲ, ಅದನ್ನು ಹಾಗೇ ಬಿಟ್ಟರೆ ಇವನಿಗೇ ಅಪಾಯ ಅಂದ. ಇದು ಗಟ್ಟಿ ಮಾತು. ಇಲ್ಲಿಗೆ ಚರ್ಚೆ ಗಂಟೆಯಿಂದ ಹೊರಗೆ ಬಂತು. ಪೊಲೀಸ್ ತಡೆದಾಗ ನಿನ್ನ ಹಕ್ಕೇನು, ನೀನು ಏನು ಮಾಡಬೇಕು, ಏನು ಮಾಡಬಾರದು ಅನ್ನುವ ಒಂದು ತರಗತಿಗೆ ಅವನು ಹೋಗಬೇಕು ಅಂತ ಎಲ್ಲರೂ ಒಪ್ಪಿದರು.

ಆ ಹೊತ್ತಿಗೆ ಒಬ್ಬ ಹೇಳಿದ. "ನಾನೂ ಹಾರಿದ್ದೀನಿ. ಸಿಕ್ಕಿಬಿದ್ದಿಲ್ಲ."

ಯಾರೂ ನಗಲಿಲ್ಲ. ಹಾಗಾದರೆ ನೀನು ಇಲ್ಲಿ ಕೂರಬಹುದಾ ಅಂತ ಒಬ್ಬಳು ಕೇಳಿಯೇಬಿಟ್ಟಳು. ಕೂರಬಹುದು ಅಂತ ನಾನು ಹೇಳುತ್ತೇನೆ. ಎಷ್ಟೋ ಟೀನ್ ಕೋರ್ಟುಗಳಲ್ಲಿ ಶಿಕ್ಷೆಯ ಒಂದು ಭಾಗವೇ ಮುಂದೆ ಬೇರೆಯವರ ಪ್ರಕರಣದಲ್ಲಿ ಜ್ಯೂರಿಯಾಗಿ ಕೂರುವುದು. ತಪ್ಪು ಮಾಡಿ ಬಂದವನಿಗೆ ಆ ಕುರ್ಚಿಯಲ್ಲಿ ಜಾಗ ಇಲ್ಲ ಅಂದರೆ ಇಡೀ ಏರ್ಪಾಟಿನ ಬುಡವೇ ಹೋಗುತ್ತದೆ. ಆ ಗೇಟಿನ ಮುಂದೆ ನಿಂತಾಗ ತಲೆಯಲ್ಲಿ ಏನು ಓಡುತ್ತದೆ ಅಂತ ಗೊತ್ತಿರುವ ಒಬ್ಬನಾದರೂ ಕೋಣೆಯಲ್ಲಿ ಇರುವುದು ಒಳ್ಳೆಯದು. ಇವನು ಆ ಮಾತನ್ನು ರಿಯಾಯಿತಿ ಕೇಳಲು ಹೇಳಲಿಲ್ಲ. "ಆದ್ರೆ ನಾನು ಒಬ್ಬನೇ ಹಾರಿದ್ದು. ಚಿಕ್ಕವನನ್ನು ಎಳ್ಕೊಂಡು ಹೋಗಿಲ್ಲ" ಅಂದ.

ಇಲ್ಲಿಂದ ನಿಜವಾದ ಜಗಳ ಶುರು. ಕೊನೆಯ ಕುರ್ಚಿಯವಳು ಹೇಳಿದಳು. "ತಮ್ಮನಿಗೆ ಪತ್ರ ಬರೆಯಲಿ." ತಾಯಿಗೆ ಬರೆಯಲಿ, ಅವರಿಗೆ ತಾನೇ ನಷ್ಟ ಆದದ್ದು ಅಂದರು ಇಬ್ಬರು. ಅಣ್ಣ ತಮ್ಮ ಮಾತಾಡದೆ ಇರುವುದು ಮನೆಯ ವಿಷಯ, ಅದಕ್ಕೆ ಕೋರ್ಟು ಕೈ ಹಾಕಬಾರದು ಅಂದ ಎತ್ತರದ ಹುಡುಗ. ಅವನ ಮಾತಲ್ಲಿ ತೂಕ ಇದೆ. ಹದಿಹರೆಯದವರ ಕೈಗೆ ಅಧಿಕಾರ ಕೊಟ್ಟಾಗ ಅದು ಎಲ್ಲಿ ನಿಲ್ಲಬೇಕು ಅನ್ನುವುದನ್ನೂ ಅವರೇ ಕಂಡುಕೊಳ್ಳಬೇಕು. ಬೇರೆಯವರ ಮನೆಯೊಳಗೆ ನುಗ್ಗಿ ಎಲ್ಲವನ್ನೂ ಸರಿ ಮಾಡಿಬಿಡುತ್ತೇವೆ ಅನ್ನುವ ಹುಮ್ಮಸ್ಸು ಅಪಾಯ.

ಅವಳು ಬಿಡಲಿಲ್ಲ. ತಮ್ಮ ಸುಮ್ನೆ ಮನೆಯವನು ಅಲ್ಲ, ಈ ತಪ್ಪಿನಲ್ಲಿ ಇದ್ದವನು. ಬೇಡ ಅಂದವನನ್ನು ಅಣ್ಣ ಕರೆದು ತಪ್ಪು ಮಾಡಿಸಿದ. ಪೊಲೀಸ್ ಎದುರು ನಿಂತು ನಿಜ ಹೇಳಿದ್ದು ಅವನೊಬ್ಬ. ಅದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ. ನಾಳೆ ಅವನನ್ನು ಯಾರಾದರೂ ನಿಜ ಹೇಳು ಅಂದರೆ ಏನು ಮಾಡುತ್ತಾನೆ? ಹೀಗೆ ಅವಳು ವಾದ ಮಾಡಿದಳು. ಸ್ವಲ್ಪ ಹೊತ್ತಿಗೆ ಎತ್ತರದ ಹುಡುಗ ಒಂದು ಷರತ್ತು ಹಾಕಿ ಒಪ್ಪಿದ. ಮತ್ತೆ ಸ್ನೇಹ ಆಗಬೇಕು, ಮಾತಾಡಬೇಕು ಅಂತೆಲ್ಲ ನಾವು ಹೇಳಬಾರದು. ನೀನು ಹೇಳಿದ್ದು ಸರಿ, ನಾನು ಬೈದದ್ದು ತಪ್ಪು, ಅಷ್ಟು ಅವನು ಬರೆದರೆ ಸಾಕು. ಮಿಕ್ಕಿದ್ದು ಅವರಿಬ್ಬರಿಗೆ ಬಿಟ್ಟದ್ದು. ಆ ಷರತ್ತು ಹಾಕಿದ ಹುಡುಗನ ಬಗ್ಗೆ ನನಗೆ ಬಹಳ ಗೌರವ. ಶಿಕ್ಷೆ ಎಲ್ಲಿ ಮುಗಿಯಬೇಕು ಅಂತ ಅಷ್ಟು ಸ್ಪಷ್ಟವಾಗಿ ಗೆರೆ ಎಳೆಯುವುದು ದೊಡ್ಡವರಿಗೂ ಕಷ್ಟ.

ಗಂಟೆಗೆ ಕೊನೆಯಲ್ಲಿ ಬಂದರು. 12 ಗಂಟೆ ಅಂತಾಯಿತು. ಯಾವ ದಿನ ಅನ್ನುವುದೇ ಗಂಟೆಗಿಂತ ದೊಡ್ಡ ಪ್ರಶ್ನೆ ಆಯಿತು. ಇಂಥ ಸೇವೆಯನ್ನು ಶನಿವಾರ ಇಡುವುದು ಸುಲಭ. ಆದರೆ ತಾಯಿಗೆ ಅವನು ಬೇಕಾದದ್ದು ಶನಿವಾರ. ಕೋರ್ಟೇ ಅವನ ಶನಿವಾರಗಳನ್ನು ಕಿತ್ತುಕೊಂಡರೆ ತಮ್ಮ ಪಕ್ಕದ ಮನೆಯಲ್ಲೇ ಉಳಿಯುತ್ತಾನೆ, ತಾಯಿ ದುಡ್ಡು ಕೊಡುತ್ತಲೇ ಇರುತ್ತಾರೆ. ವಾರದ ದಿನ, ಶಾಲೆ ಬಿಟ್ಟ ಮೇಲೆ ಅಂತ ಬರೆದರು.

ಒಪ್ಪಿಸಿದ್ದು, ಒಪ್ಪದೆ ಉಳಿದದ್ದು

ಜ್ಯೂರಿಯ ಮುಖ್ಯಸ್ಥೆ ಎದ್ದು ಓದಿದಳು. ವಾರದ ದಿನಗಳಲ್ಲಿ 12 ಗಂಟೆ ಸೇವೆ, ಪೊಲೀಸ್ ಎದುರು ಹೇಗಿರಬೇಕು ಅನ್ನುವ ತರಗತಿ, ತಮ್ಮನಿಗೆ ಒಂದು ಪತ್ರ. ತಾಯಿಗೆ ಪ್ರತ್ಯೇಕ ಪತ್ರ ಬೇಡ ಅಂತ ಬಿಟ್ಟಿದ್ದರು. ಇದನ್ನೆಲ್ಲ ಮುಗಿಸಿದರೆ ಪ್ರಕರಣ ಅಲ್ಲಿಗೆ ಮುಕ್ತಾಯ. ಮುಗಿಸದಿದ್ದರೆ ಕಳಿಸಿದವರ ಹತ್ತಿರ ವಾಪಸ್ ಹೋಗುತ್ತದೆ.

ಎತ್ತರದ ಹುಡುಗ ಒಪ್ಪಿದ್ದ, ಆದರೆ ಪೂರ್ತಿ ಸಮಾಧಾನ ಆಗಿರಲಿಲ್ಲ. ಹಿಡಿದ ಪೊಲೀಸ್‌ಗೆ ಕ್ಷಮೆ ಕೇಳುವುದು ಇದರಲ್ಲಿ ಎಲ್ಲೂ ಇಲ್ಲ ಅಂತ ಅವನ ತಕರಾರು. ನನಗೂ ಅದು ಸ್ವಲ್ಪ ಸರಿ ಅನ್ನಿಸುತ್ತದೆ. ಸುಳ್ಳು ಹೇಳಿದ್ದು ಒಬ್ಬ ಮನುಷ್ಯನಿಗೆ. ಆ ಮನುಷ್ಯನನ್ನು ಒಂದು ತರಗತಿಯಾಗಿ ಮಾಡಿ ಬಿಟ್ಟರು. ನಾನು ಆ ಕೋಣೆಯಲ್ಲಿ ಇದ್ದಿದ್ದರೆ ಎರಡು ಸಾಲಿನ ಪತ್ರ ಅವರಿಗೂ ಇರಲಿ ಅನ್ನುತ್ತಿದ್ದೆ.

ಇದರಿಂದ ಉಪಯೋಗ ಇದೆಯಾ?

ಇಂಥ ಕೋರ್ಟುಗಳ ಬಗ್ಗೆ ನಡೆದ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು ಅರ್ಬನ್ ಇನ್‌ಸ್ಟಿಟ್ಯೂಟ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆ 2002ರಲ್ಲಿ ಹೊರತಂದದ್ದು. ನಾಲ್ಕು ರಾಜ್ಯಗಳಲ್ಲಿ, ಟೀನ್ ಕೋರ್ಟಿಗೆ ಹೋದ ಮಕ್ಕಳನ್ನೂ ಬೇರೆ ದಾರಿಯಲ್ಲಿ ಹೋದ ಮಕ್ಕಳನ್ನೂ ಹೋಲಿಸಿ, 6 ತಿಂಗಳಲ್ಲಿ ಮತ್ತೆ ಎಷ್ಟು ಜನ ಸಿಕ್ಕಿಬಿದ್ದರು ಅಂತ ನೋಡಿದರು. ಅಲಾಸ್ಕಾದಲ್ಲಿ ಟೀನ್ ಕೋರ್ಟಿನವರು 6 ಶೇಕಡಾ, ಉಳಿದವರು 23. ಮಿಸೌರಿಯಲ್ಲಿ 9 ಮತ್ತು 28. ಅರಿಜೋನಾದಲ್ಲಿ 9 ಮತ್ತು 15, ಆದರೆ ಆ ವ್ಯತ್ಯಾಸ ಆಕಸ್ಮಿಕವೂ ಇರಬಹುದಾದಷ್ಟು ಸಣ್ಣದು. ಮೇರಿಲ್ಯಾಂಡ್‌ನಲ್ಲಿ ಉಲ್ಟಾ. ಅಲ್ಲಿ ಟೀನ್ ಕೋರ್ಟಿನವರು 8, ಬೇರೆಯವರು 4. ಇದೂ ಗಟ್ಟಿ ವ್ಯತ್ಯಾಸ ಅಲ್ಲ.

ಮೇರಿಲ್ಯಾಂಡ್‌ನ ಸಂಖ್ಯೆಯನ್ನು ಮುಚ್ಚಿಡಬಾರದು. ಅಲ್ಲಿ ಹೋಲಿಕೆಗೆ ತೆಗೆದುಕೊಂಡ ಮಕ್ಕಳನ್ನು ಪೊಲೀಸರೇ ಒಂದು ಒಳ್ಳೆಯ ಕಾರ್ಯಕ್ರಮದ ಮೂಲಕ ಕೋರ್ಟಿನಿಂದ ಹೊರಗೆ ನೋಡಿಕೊಂಡಿದ್ದರು. ಸೇವೆ, ಕ್ಷಮೆ ಪತ್ರ ಎಲ್ಲ ಅದರಲ್ಲೂ ಇತ್ತು. ಅಂದರೆ ಪೊಲೀಸರೇ ಆ ಕೆಲಸವನ್ನು ಚೆನ್ನಾಗಿ ಮಾಡುವ ಊರಿನಲ್ಲಿ ಜ್ಯೂರಿ ಇಲ್ಲದೆಯೂ ನಡೆಯುತ್ತದೆ. ಈಗ ಆ 2.75 ಡಾಲರಿನ ಪ್ರಶ್ನೆಗೆ ಬರೋಣ. ಹುಡುಗ ಬರೀ ಗೇಟು ಹಾರಿದ್ದರೆ, ಎಚ್ಚರಿಕೆ ಕೊಟ್ಟು ಕಳಿಸಬೇಕಿತ್ತು. ಗದರಿಸಿ ಬಿಡಬಹುದಾದ ಮಕ್ಕಳನ್ನೂ ಯೂತ್ ಕೋರ್ಟು ಇದೆಯಲ್ಲ ಅಂತ ಎಳೆದು ತಂದರೆ ಅದು ಒಳ್ಳೆಯ ಹೆಸರಿನಲ್ಲಿ ಮಾಡುವ ತಪ್ಪು. ಇಲ್ಲಿ ಸುಳ್ಳು ಹೆಸರು ಇತ್ತು, ಹಿಂದೆ ನಿಂತಿದ್ದ ತಮ್ಮ ಇದ್ದ. ಈ ಹುಡುಗನನ್ನು ಕಳಿಸಿದ್ದು ಸರಿ.

ನಮ್ಮಲ್ಲಿ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಇಂಥ ಮಕ್ಕಳ ಪ್ರಕರಣ ನೋಡುವ ಬಾಲನ್ಯಾಯ ಮಂಡಳಿಯಲ್ಲಿ ಇರುವುದು ಮೂರು ಜನ. ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಸಮುದಾಯ ಸೇವೆ ಮಾಡಿಸುವ ಅಧಿಕಾರ ಅವರಿಗೂ ಇದೆ. ಅಲ್ಲಿ ಮಗುವನ್ನು ಪ್ರಶ್ನೆ ಕೇಳುವವರೆಲ್ಲ ದೊಡ್ಡವರು. ಕರ್ನಾಟಕದ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಎದ್ದು ನಿಂತು ರಸ್ತೆ, ಶೌಚಾಲಯ, ಬಸ್ಸಿನ ಬಗ್ಗೆ ದೊಡ್ಡವರನ್ನು ಕೇಳುತ್ತಾರೆ. ಕೇಳುವ ಅಭ್ಯಾಸ ನಮ್ಮ ಮಕ್ಕಳಿಗೂ ಇದೆ, ಅವಕಾಶ ಆ ಸಭೆಯ ಹೊರಗೆ ಸಿಕ್ಕಿಲ್ಲ.

ಇನ್ನೊಂದು ವಿಷಯ ಬಾಕಿ ಇದೆ. ಚರ್ಚೆಯ ಮಧ್ಯೆ ಒಬ್ಬಳು ಕೇಳಿದ್ದಳು. ಶನಿವಾರ ಕಾರ್ಡು ಯಾಕೆ ನಡೆಯಬಾರದು? ನಾವು ಶನಿವಾರ ಎಲ್ಲಿಗೂ ಹೋಗಬಾರದಾ? ಅದು ನಮ್ಮ ಮುಂದಿರುವ ಪ್ರಶ್ನೆ ಅಲ್ಲ ಅಂತ ಮುಖ್ಯಸ್ಥೆ ಮುಂದಕ್ಕೆ ಹೋದಳು. ನಿಯಮದ ಪ್ರಕಾರ ಅವಳು ಮಾಡಿದ್ದು ಸರಿ. ಶಿಕ್ಷೆ ಬರೆಯುವ ಹಾಳೆಯಲ್ಲಿ ರೈಲ್ವೆಯವರಿಗೆ ಹೇಳುವುದಕ್ಕೆ ಜಾಗ ಇರುವುದಿಲ್ಲ. 2024ರಲ್ಲಿ ಶಾಲೆಗಳು ತೆರೆದಾಗ ನ್ಯೂಯಾರ್ಕ್ ಆ ಹಳೆಯ ಕಾರ್ಡನ್ನು ತೆಗೆದು ಓಮ್ನಿ ಕಾರ್ಡು ಕೊಟ್ಟಿತು. ದಿನಕ್ಕೆ 4 ಸಲ, 24 ಗಂಟೆಯೂ, ರಜೆಯಲ್ಲೂ ನಡೆಯುತ್ತದೆ. ಇವತ್ತು ಅದೇ ಶನಿವಾರ ಬಂದರೆ ಆ ಹುಡುಗ ಕಾರ್ಡು ತೋರಿಸಿ ಒಳಗೆ ಹೋಗುತ್ತಿದ್ದ. ತಮ್ಮನಿಗೂ ಶಾಲೆಯ ಕಾರ್ಡು ಇದ್ದರೆ ಅವನೂ ಹಿಂದೆಯೇ ಬರುತ್ತಿದ್ದ, 20 ಡಾಲರೂ ಹಾಗೇ ಉಳಿಯುತ್ತಿತ್ತು.

ಮಕ್ಕಳು ಯಾಕೆ ಗೇಟು ಹಾರುತ್ತಾರೆ, ಯಾಕೆ ಶಾಲೆ ತಪ್ಪಿಸುತ್ತಾರೆ ಅನ್ನುವುದು ಮೊದಲು ಗೊತ್ತಾಗುವುದು ಈ ಜ್ಯೂರರ್‌ಗಳಿಗೆ. ಅದಕ್ಕೆ ನನ್ನದೊಂದು ಸಲಹೆ. ಶಿಕ್ಷೆಯ ಹಾಳೆಯಲ್ಲಿ ಇನ್ನೊಂದು ಕಾಲಂ ಇರಲಿ, ಹೆಸರಿಲ್ಲದೆ, ಊರಿನವರು ಮಾಡಬೇಕಾದ್ದು ಅಂತ. ವರ್ಷಕ್ಕೊಮ್ಮೆ ಅದನ್ನೆಲ್ಲ ಸೇರಿಸಿ ರೈಲಿನವರಿಗೆ, ಶಾಲೆಯವರಿಗೆ, ಪೊಲೀಸರಿಗೆ ಯೂತ್ ಕೋರ್ಟೇ ಕಳಿಸಲಿ. ಬಂದ ಉತ್ತರವನ್ನು ಮುಂದಿನ ವರ್ಷದ ಜ್ಯೂರಿಗೆ ಓದಿ ಹೇಳಲಿ.